ತೊಟ್ಟಿಲು ಕೇಳಿದ ಕೊಡಲಿ

ಕೇಳ್ರಪ್ಪಾ, ಕೇಳ್ರಮ್ಮಾ. ಊರುಗಳಿಗೆ ಇನ್ನೂ ಹೆಸರಿಟ್ಟಿರದ ಕಾಲ. ಆ ಕಡೆ ಗುಡ್ಡ, ಈ ಕಡೆ ಹಳ್ಳ, ನಡುವೆ ಒಂದು ಊರು. ಅಲ್ಲಿ ದ್ಯಾವಣ್ಣ ಅಂತ ಸೌದೆ ಒಡೆಯೋನೊಬ್ಬ ಇದ್ದ. ಹೆಂಡತಿ ಈರಕ್ಕ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ ಮೇಲೆ ಹುಟ್ಟಿದ್ದು ಒಂದೇ ಒಂದು ಹೆಣ್ಣುಮಗು.

ದ್ಯಾವಣ್ಣನ ಹತ್ರ ಅವರಪ್ಪನ ಕಾಲದ ಕೊಡಲಿ ಇತ್ತು. ಮರದ ಹಿಡಿ, ಅದೇ ಕಾವು, ಅದರ ಮೇಲೆ ಕಬ್ಬಿಣದ ತಲೆ ಸಡಿಲ. ಎತ್ತಿದರೆ ಗಡಗಡ, ಇಳಿಸಿದರೆ ಗಡಗಡ.

"ಕಾವು ಒಣಗಿ ಸಣ್ಣಗಾಗಿದೆ, ಒಂದು ಬೆಣೆ ಹೊಡೀರಿ" ಅಂದಳು ಈರಕ್ಕ.

"ನಾಳೆ" ಅಂದ ದ್ಯಾವಣ್ಣ.

ನಾಳೆ ಅಂದವನ ಮನೆ ಹಾಳು ಅಂತಾರೆ. ಹಾಳಾಗಿದ್ದು ಮಾತ್ರ ಪೂಜಾರಿ ಲಕ್ಕಜ್ಜನ ಕುಂಬಳಕಾಯಿ. ಅವನ ಹಿತ್ತಲಲ್ಲಿ ಸೌದೆ ಒಡೆಯೋವಾಗ ಕೊಡಲಿ ತಲೆ ಹಾರಿ ಕಾಯಿ ಎರಡು ಹೋಳಾಯ್ತು. ಬೇರೆ ಯಾರಾದರೂ ಆಗಿದ್ರೆ ಬೈತಿದ್ರು. ಲಕ್ಕಜ್ಜ ಕೈ ಮುಗಿದ.

"ಹಳೇ ಕೊಡಲಿ. ಇದರಲ್ಲಿ ಅಮ್ಮ ಇದ್ದಾಳೆ. ಕುಂಬಳಕಾಯಿ ಕೇಳಿದಳು. ದಿನಾ ನೀರಲ್ಲಿ ಮುಳುಗಿಸಿಡು, ಬೆಳಗ್ಗೆ ಪೂಜೆ ಮಾಡು."

ದ್ಯಾವಣ್ಣ ರಾತ್ರಿಯಿಡೀ ಕೊಡಲೀನ ಹಂಡೇಲಿ ಮುಳುಗಿಸಿಟ್ಟ. ನೀರು ಕುಡಿದ ಮರ ಏನು ಮಾಡುತ್ತೆ? ಉಬ್ಬುತ್ತೆ. ಬೆಳಗ್ಗೆ ತಲೆ ಅಲ್ಲಾಡಲಿಲ್ಲ. ಊರೆಲ್ಲ ಅಡ್ಡ ಬಿತ್ತು. ಮಧ್ಯಾಹ್ನ ಬಿಸಿಲಿಗೆ ಕಾವು ಒಣಗಿತು, ತಲೆ ಮೊದಲಿಗಿಂತ ಸಡಿಲವಾಯ್ತು, ಹಾರಿ ಹೋಗಿ ಒಂದು ಹುಂಜಕ್ಕೆ ಬಡೀತು.

"ಅಮ್ಮ ಹುಂಜ ಕೇಳಿದಳು" ಅಂದ ಲಕ್ಕಜ್ಜ. ಸಾರು ಆಯ್ತು. ವಾಸನೆ ಅಮ್ಮನಿಗೆ, ಸಾರು ಲಕ್ಕಜ್ಜನಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರು ಕೇಳದೇ ಇದ್ದರೂ ಪೂಜಾರಿ ಕೇಳ್ತಿದ್ದ.

"ಬೆಣೆ ಹೊಡೀರಿ" ಅಂದಳು ಈರಕ್ಕ.

"ಅಮ್ಮನ ತಲೆಗೆ ಬೆಣೆ ಹೊಡೆಯೋದಾ? ಬಿಡ್ತು ಅನ್ನು!" ಅಂದ ದ್ಯಾವಣ್ಣ.

ಮೂರನೇ ಸಲ ಅವನ ಮನೆ ಅಂಗಳದಲ್ಲೇ. ಅಮ್ಮ ಏನು ಕೇಳ್ತಾಳೋ ನೋಡೋಣ ಅಂತ ಊರೇ ನೆರೆದಿತ್ತು. ದ್ಯಾವಣ್ಣ ಬೀಸಿದ. ತಲೆ ಹಾರಿತು. ಜಗುಲಿ ಮೇಲಿದ್ದ ತೊಟ್ಟಿಲಿನ ಅಂಚಿಗೆ ಕಚ್ಚಿಕೊಂಡು ನಿಂತಿತು. ಒಳಗಿದ್ದ ಮಗು ಆಕಳಿಸಿತು.

ಕುಂಬಳಕಾಯಿಗೆ ಬಿದ್ದಾಗ ಕುಂಬಳಕಾಯಿ ಕೊಟ್ಟರು. ಹುಂಜಕ್ಕೆ ಬಿದ್ದಾಗ ಹುಂಜ ಕೊಟ್ಟರು. ಈಗ? ಎಲ್ಲರೂ ಲಕ್ಕಜ್ಜನ ಮುಖ ನೋಡಿದರು. ಲಕ್ಕಜ್ಜ ನೆಲ ನೋಡಿದ. "ಕೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ" ಅಂತ ಹಿಂದಿನಿಂದ ಯಾವನೋ ಅಂದ. ಅವನ ನಾಲಿಗೆ ಸೇದಿಹೋಗ! ಹೇಳೋವಾಗ ನನಗೇ ಹೊಟ್ಟೆ ಉರಿಯುತ್ತೆ. ಎರಡು ಸಲ ಹೂಂ ಅಂದ ದ್ಯಾವಣ್ಣನ ಬಾಯಿಗೆ ಈಗ ಊಹೂಂ ಬರಲಿಲ್ಲ.

ಈರಕ್ಕ ಎದ್ದು ಮಗೂನ ಎತ್ತಿ ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡಳು.

"ಅಜ್ಜಾ, ಅಮ್ಮ ಬಿದ್ದಿದ್ದು ಯಾವುದಕ್ಕೆ? ಮಗೂಗೋ, ತೊಟ್ಟಿಲಿಗೋ?"

"ತೊಟ್ಟಿಲಿಗೆ ತಾಯಿ, ತೊಟ್ಟಿಲಿಗೇ!" ಅಂದ ಲಕ್ಕಜ್ಜ. ಅವನಿಗೂ ಜೀವ ಬಂತು.

"ಹಂಗಾದ್ರೆ ತೊಟ್ಟಿಲೇ ಕೊಡ್ತೀನಿ."

ಸೀಳಿದ ಅಂಚಿನಿಂದ ಒಂದು ಚಕ್ಕೆ ಕಿತ್ತಳು. ತಲೆಮಾರುಗಳಿಂದ ಒಲೆ ಹೊಗೆ ಕುಡಿದು ಒಣಗಿದ ಮರ. ಮಚ್ಚಿನಲ್ಲಿ ಕೆತ್ತಿ ಚೂಪು ಮಾಡಿದಳು. ಕಾವಿಗೆ ತಲೆ ಸಿಕ್ಕಿಸಿ, ಕಾವಿನ ಬುಡಾನ ಕಲ್ಲಿಗೆ ಕುಟ್ಟಿದಳು. ತಲೆ ಕೂತಿತು. ಕಾವಿನ ತುದಿಯ ಸೀಳಿಗೆ ಬೆಣೆ ಇಟ್ಟು ಗುಂಡುಕಲ್ಲು ಎತ್ತಿದಳು.

"ತಗೋ ತಾಯಿ." ಒಂದೇಟು.

"ಇನ್ನೇನಾದ್ರೂ ಬೇಕಾ?" ಎರಡನೇ ಏಟು.

"ಬೇಡ್ವಾ? ಸರಿ." ಮೂರನೇ ಏಟು.

ಕೊಡಲಿ ತಗೊಂಡು ಹೋಗಿ ಲಕ್ಕಜ್ಜನ ಕೈಗೇ ಕೊಟ್ಟಳು. ಲಕ್ಕಜ್ಜ ಬೀಸಿದ. ದಿಮ್ಮಿ ಹೋಳಾಯ್ತು, ತಲೆ ಅಲ್ಲಾಡಲಿಲ್ಲ.

"ಅಮ್ಮ ಸಂತೃಪ್ತಳಾದಳು!" ಅಂತ ಲಕ್ಕಜ್ಜ ಕೂಗಿದ.

"ಅಮ್ಮ ಬಾಯಿ ಮುಚ್ಚಿದಳು ಅಜ್ಜಾ. ನೀನೂ ಮುಚ್ಚು" ಅಂದಳು ಈರಕ್ಕ.

ಜನ ಚದುರಿದರು. ದ್ಯಾವಣ್ಣ ಜಗುಲಿ ಮೇಲೆ ಕೂತು ಮಗೂನ ತೊಡೆ ಮೇಲೆ ಹಾಕಿಕೊಂಡ. ಕತ್ತಲಾಯ್ತು. ಈರಕ್ಕ ಊಟಕ್ಕೆ ಕರೆದಳು, ಮಗೂನ ಒಳಗೆ ಮಲಗಿಸಿ ಬನ್ನಿ ಅಂದಳು. ಅವನಿಗೆ ಕೆಳಗಿಡೋ ಧೈರ್ಯ ಬರಲಿಲ್ಲ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಮುದ್ದೆ, ಹಂಗೇ ಉಂಡ.

ಅವರ ಒಲೆ ಅಲ್ಲಿ ಉರೀತು, ನಮ್ಮ ಒಲೆ ಇಲ್ಲಿ ಉರೀಲಿ. ಕಥೆ ನಿಮ್ಮದಾಯ್ತು, ನಿದ್ದೆ ನನ್ನದು.