ಗೌಡರ ಬಾಗಿಲೆದುರಿನ ಜಾಗ

ಯುದ್ಧದಿಂದ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಹೊಳೆನರಸೀಪುರದಲ್ಲಿ ಕೊಣನೂರಿನ ಬಸ್ಸಿಗೆ ಇದ್ದಿಲು ತುಂಬಿ ಗಾಳಿ ಹಾಕುತ್ತಿದ್ದರು. ಬಸ್ಸು ಕಾಯುತ್ತಿದ್ದ ಬೆಟ್ಟಮ್ಮನೂ ಅವಳನ್ನು ಹತ್ತಿಸಲು ಬಂದ ತಮ್ಮ ಸಿಂಗ್ರಯ್ಯನೂ ನನ್ನ ಪಕ್ಕದಲ್ಲೇ ಕೂತಿದ್ದರು. ಸಿಂಗ್ರಯ್ಯ ಮಾತು ತೆಗೆದ.

"ಮನೆಮಠ ಇಲ್ದೋರಿಗೆ ಛತ್ರ ಕಟ್ತಾರೆ ಅಂದ್ರೆ, ನಮ್ ಬೀದೀಲಿ ಬ್ಯಾಡ ಅಂತ ಊರೆಲ್ಲ ಕಿತ್ತಾಡ್ತಾ ಅದೆ. ನೀನು ನೋಡಿದ್ರೆ ಅವ್ವ ಕೊಟ್ಟ ಜಾಗಾನೇ ಬರ್ಕೊಟ್ಬುಟ್ಟೆ."

"ಬರ್ಕೊಟ್ಟೆ ಕಣ್ಲಾ."

"ಅದು ಚಿಕ್ಕೇಗೌಡ್ರ ತಲೆಬಾಗಿಲಿಗೆ ಎದುರಿಗೇ ಅದೆ."

"ಅದಕ್ಕೇ ಕೊಟ್ಟಿದ್ದು."

"ಗೌಡ್ರು ಊಟಾನೇ ಬುಟ್ಟವ್ರಂತೆ. ಬೇಕಾದ್ರೆ ಊರಾಚೆ ತೋಪು ಕೊಡ್ತೀನಿ ಅಂತಾವ್ರೆ."

ಬೆಟ್ಟಮ್ಮ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ಇವಾಗ ಕೊಡ್ತಾನಂತಾ? ಪ್ಲೇಗಿನ ವರ್ಷ ಜನವೆಲ್ಲ ಊರು ಬುಟ್ಟು ಗುಡ್ಲು ಆಕ್ಕೊಂಡಾಗ, ಅದೇ ತೋಪಿಂದ ನಮ್ ಗುಡ್ಲು ಕೀಳ್ಸಿದ್ನಲ್ಲ. ಮಳೇಲಿ ನೆಂದು ಅವ್ವಂಗೆ ಇಡಿದ ಜ್ವರ ಬುಡ್ನೇ ಇಲ್ಲ. ಊರಿಗೆ ವಾಪಸ್ ಬಂದು ಸತ್ಲು."

"ನಂಗೆ ನೆಪ್ಪಿಲ್ಲ."

"ನಂಗದೆ."

"ತೋಪಾದ್ರೆ ಆ ಬಡವ್ರಿಗೂ ನೆಳ್ಳಾಯ್ತದೆ, ಒಪ್ಕೊ ಅಕ್ಕ. ನಾನು ದಿನಾ ಗೌಡ್ರ ಮುಖ ನೋಡ್ಬೇಕು."

"ನೋಡು. ನೋಡಿ ನಂಗೆ ಯೋಳ್ಕಳ್ಸು."

ಕಂಡಕ್ಟರ್ ಕೂಗಿದ. ಬೆಟ್ಟಮ್ಮ ಗಂಟು ಎತ್ತಿಕೊಂಡಳು.

"ಅವ್ವನ ಎಣ ಮುಂದೇನೇ ಓಗ್ತಿದ್ರೂ ತಲೆಬಾಗಿಲ ಜಗಲಿ ಬುಟ್ಟು ಏಳ್ನಿಲ್ಲ ಅವ್ನು. ಇನ್ಮ್ಯಾಕೆ ಛತ್ರದ ಜನಾನ ಕಂಡು ದಿನಾ ಎದ್ದು ಒಳೀಕೋಗ್ಲಿ."

ಹಾಗೆಂದು ಬಸ್ಸು ಹತ್ತಿದಳು. ಸಿಂಗ್ರಯ್ಯ ಊರಿನ ಕಡೆ ನಡೆದ.