ದೀಪದ ಕೆಳಗಿನ ಪೆರಿಲಾ

ಉಯ್‌ಸೊಂಗ್ ಸಂತೆಯ ಎಣ್ಣೆ ಗಿರಣಿಯಲ್ಲಿ ಸರದಿಗೆ ನಿಂತಿದ್ದೆ. ನನ್ನ ಮುಂದೆ, ಎಳ್ಳಿನಂತೆ ಎಣ್ಣೆ ಕೊಡುವ ಪೆರಿಲಾ ಕಾಳಿನ ಚೀಲದೊಡನೆ ಓಕ್‌ಬುನ್ ಅಜ್ಜಿ. ಅವರ ಪಕ್ಕದ ಮನೆಯ ಮಲ್‌ಸುನ್ ಬರಿಗೈಯಲ್ಲಿ ಬಂದಳು. ಕೇಳಿಸಿಕೊಳ್ಳಬಾರದಿತ್ತೇನೋ, ಆದರೆ ಮಾತು ಜೋರಾಗಿತ್ತು.

“ಅಕ್ಕ, ನಿನ್ನ ಚೀಲ ತುಂಬಿದೆ. ನನ್ನ ಪೆರಿಲಾ ನೋಡಿದ್ಯಾ? ಆಳೆತ್ತರ ಗಿಡ, ಒಂದೂ ಹೂವಿಲ್ಲ!”

“ಗೊಬ್ಬರ ಸುರಿದಿರ್ತೀಯ.”

“ಗೊಬ್ಬರ ಅಲ್ಲ, ನನ್ನ ಹೊಲದ ಪಕ್ಕ ನೀನು ಹಾಕಿಸಿದ ಬೀದಿದೀಪ! ಕತ್ತಲೆ ಉದ್ದ ಆದ್ರೇನೇ ‘ಹೂ ಬಿಡು’ ಅಂತ ಎಲೆ ಕುಡಿಗೆ ಹೇಳಿಕಳಿಸೋದು. ನಿನ್ನ ದೀಪ ಉರೀತಿದ್ರೆ ಗಿಡಕ್ಕೆ ಇನ್ನೂ ಬೇಸಿಗೇನೇ.”

“ಹೋದ ಚಳಿಗಾಲ ನಾನು ಮೋರಿಗೆ ಬಿದ್ದು ಸೊಂಟ ಮುರ್ಕೊಂಡಾಗ ಯಾವ ಎಲೆ ಬಂದು ಎತ್ತಿತು?”

“ಎತ್ತಿದ್ದು ನಾನು!”

“ಮತ್ತೆ? ದೀಪ ಆರಿಸಿ ಇನ್ನೊಂದ್ಸಲ ಬೀಳ್ಲಾ?”

“ಗಂಡನ ಮನೇಲಿರೋ ನನ್ನ ಹೆಣ್ಣುಮಕ್ಕಳಿಗೆ ಈ ವರ್ಷ ಅಂಗಡಿ ಎಣ್ಣೆ ಕಳಿಸ್ಲಾ? ನಾಚಿಕೆಗೇಡು! ಮುಂದಿನ ವರ್ಷ ಮೊಗ್ಗಿನ ಕಾಲಕ್ಕೆ ಆ ದೀಪ ಆರಲೇಬೇಕು.”

“ಸಂಜೆ ಪ್ರಾರ್ಥನೆ ಮುಗಿಸಿ ಮನೆ ಹೇಗೆ ಸೇರ್ಲಿ?”

“ನಾನೇ ಕೈ ಹಿಡಿದು ಮುಟ್ಟಿಸ್ತೀನಿ. ದಾರಿಯುದ್ದಕ್ಕೂ ಬೈತಾನೇ ಮುಟ್ಟಿಸ್ತೀನಿ!”

ಗಿರಣಿಯವನು ಕರೆದ. ಅಜ್ಜಿ ಚೀಲ ಎತ್ತಲು ಬಗ್ಗಿದರು. ಮಲ್‌ಸುನ್ ಅದನ್ನು ಕಿತ್ತುಕೊಂಡು, ಬೈಯುತ್ತಲೇ ಒಳಗೆ ಹೊತ್ತೊಯ್ದಳು.