ಎರಡನೆಯ ಗುಂಡು

ಹೆಸರು: ಭಾಗ್ಯಮ್ಮ, ಗಂಡ ಕರುಣಾಕರನ್. ವಯಸ್ಸು: ನಲವತ್ತಾರು. ಕಸುಬು: ಬೇಸಾಯ. ವಾಸ: ಮರಕ್ಕಡವು, ವಯನಾಡು ಜಿಲ್ಲೆ.

ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನಗೆ ಮಲಯಾಳ ಬರುತ್ತದೆ. ಆದರೆ ಈ ಪೇಚಾಟವೆಲ್ಲ ಒಂದು ಕನ್ನಡ ಮಾತಿನಿಂದ ಹುಟ್ಟಿದ್ದು. ಆದ್ದರಿಂದ ಕನ್ನಡ ಬಲ್ಲ ಪೇದೆಯಿಂದಲೇ ಬರೆಸಬೇಕೆಂದು ಕೇಳಿಕೊಂಡಿದ್ದೇನೆ.

ನಮ್ಮಲ್ಲಿ ಬಾಳೆಗೊನೆ ಸಾಗಿಸುವ ಹಳೆಯ ಪಿಕಪ್ ಜೀಪು ಇದೆ. ಹೊಳೆದಂಡೆಯ ಕೆಸರಿನಲ್ಲಿ ಹೂತುಕೊಳ್ಳುತ್ತದೆಂದು ನಮ್ಮ ಯಜಮಾನರು ಕಳೆದ ತಿಂಗಳು ಅದಕ್ಕೆ ದೊಡ್ಡ ಟಯರು ಹಾಕಿಸಿದರು. ನಾನು ಬೇಡವೆಂದಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ. ಜೀಪು ಕೆಸರು ದಾಟಿತು, ಏರಿನಲ್ಲಿ ಎಳೆಯಲಾರದೆ ನಿಂತಿತು. ಕೇಣಿಚಿರದ ಮೆಕ್ಯಾನಿಕ್ ಮೋಹನನ್ ನೋಡಿ, ಟಯರು ದೊಡ್ಡದಾದ ಮೇಲೆ ಹಿಂದಿನ ಆಕ್ಸಲ್ಲಿನೊಳಗಿನ ಹಲ್ಲುಚಕ್ರಗಳನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಕ್ಲಚ್ಚು ಸುಟ್ಟುಹೋಗುತ್ತದೆ ಎಂದರು. ಆ ಚಕ್ರಗಳು ಕೂತಿರುವ, ಆಕ್ಸಲ್ಲಿನ ನಡುವೆ ಉಬ್ಬಿಕೊಂಡ ಭಾಗವನ್ನು ನಮ್ಮ ಯಜಮಾನರು ಗುಂಡು ಎನ್ನುತ್ತಾರೆ. ದುಂಡಗಿರುವುದೆಲ್ಲ ಅವರಿಗೆ ಗುಂಡೇ.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಕೇಣಿಚಿರದ ಚಹಾದಂಗಡಿಯಲ್ಲಿ ಅವರು ನಮ್ಮ ತೋಟದ ಆಳು ವೆಳ್ಳನ್‌ಗೆ, "ಒಂದು ಗುಂಡು ಮೋಹನನ್ ಹತ್ರ ಬಿಚ್ಚಿಟ್ಟದೆ, ಇನ್ನೊಂದು ಮನೇಲದೆ. ಇವತ್ತೂ ತಡವಾದ್ರೆ ಮನೇದು ಸಿಡೀತದೆ" ಎಂದರಂತೆ. ಪಕ್ಕದ ಬೆಂಚಿನಲ್ಲಿ ಮಫ್ತಿಯ ಪೊಲೀಸರಿದ್ದರು. ಮಲಯಾಳದಲ್ಲಿ ಗುಂಡು ಎಂದರೆ ಸಿಡಿಮದ್ದು. ಕಾಡಂಚಿನಲ್ಲಿ ಜನ ಭೂಮಿಗಾಗಿ ಗುಡಿಸಲು ಹಾಕಿ ಕೂತಿದ್ದಾರೆ, ನಕ್ಸಲರು ಬಂದರೆಂದು ದಿನಕ್ಕೊಂದು ಸುದ್ದಿ. ಪೊಲೀಸರು ಹೆದರಿ ನಮ್ಮವರನ್ನು ಹಿಡಿದದ್ದರಲ್ಲಿ ತಪ್ಪಿಲ್ಲ.

ಮೊದಲನೆಯ ಗುಂಡನ್ನು ಮೋಹನನ್ ಮುಟ್ಟಿಸಿ ತೋರಿಸಿದ್ದಾರೆ. ಎರಡನೆಯದು ಏನೆಂದು ಕೇಳಿದ್ದಕ್ಕೆ ನಮ್ಮವರು ತಲೆ ತಗ್ಗಿಸಿ ಕೂತರಂತೆ. ಅದಕ್ಕೇ ಅವರನ್ನು ಠಾಣೆಯಲ್ಲಿ ಇರಿಸಿಕೊಂಡಿರಿ. ಸಂಜೆ ನಾಲ್ಕು ಗಂಟೆಗೆ ತಮ್ಮವರು ನಮ್ಮ ಮನೆಗೆ ಬಂದು ಅಟ್ಟ, ಕೋಳಿಗೂಡು, ಅಕ್ಕಿ ಪೆಟ್ಟಿಗೆ ಎಲ್ಲ ಜಾಲಾಡಿದರು. ರುಬ್ಬುವ ಗುಂಡು ಒಂದು ಸಿಕ್ಕಿತು.

ನಮ್ಮವರು ಆಡಿದ ಮಾತು ಏನೆಂದು ಇಂದು ಬೆಳಿಗ್ಗೆ ವೆಳ್ಳನ್ ಬಂದು ಹೇಳಿದ. ಮೊದಲು ನಗು ಬಂತು, ಆಮೇಲೆ ಅಳು. ಪರಗಂಡಸರ ಮುಂದೆ ಹೆಂಡತಿಯ ಮರ್ಯಾದೆ ಹೋಗಬಾರದೆಂದು ಈ ಮನುಷ್ಯ ರಾತ್ರಿಯೆಲ್ಲ ಲಾಕಪ್ಪಿನಲ್ಲಿ ಕೂತಿದ್ದಾರೆ. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು, ಸಾರೇ.

ಮದುವೆಯಾದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನನ್ನ ಮೈಕಟ್ಟು ತಮ್ಮ ಕಣ್ಣೆದುರಿಗೇ ಇದೆ. ಎರಡನೆಯ ಗುಂಡು ನಾನೇ. ಹುಡುಕುವ ಕಷ್ಟ ತಪ್ಪಲೆಂದು ನಾನೇ ಹಾಜರಾಗಿದ್ದೇನೆ. ಅವರನ್ನು ನನ್ನ ಜೊತೆ ಕಳಿಸಿಕೊಡಿ. ಸಿಡಿಯುವುದನ್ನು ಮನೆಗೆ ಹೋಗಿ ಸಿಡಿಯುತ್ತೇನೆ.

ಮೇಲೆ ಬರೆದದ್ದು ನನ್ನ ಬಾಯಿಂದಲೇ ಬಂದದ್ದು. ಓದಿಸಿ ಕೇಳಿದೆ, ಒಂದಕ್ಷರವೂ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19-9-1997

ಸಹಿ: ಭಾಗ್ಯಮ್ಮ ಯಾನೆ ಗುಂಡು